ಏರಿನಲ್ಲಿ ನಿಲ್ಲುತ್ತಿದ್ದ ಸೈಕಲ್ಲು

ಶಿವಪುತ್ರಪ್ಪನವರ ಅಂಗಡಿಗೆ ಬೋರ್ಡಿಲ್ಲ. ಕಿರವತ್ತಿಯಲ್ಲಿ ಹೆದ್ದಾರಿ ಪಕ್ಕ, ಢಾಬಾ ದಾಟಿದ ಮೇಲೆ, ಹಳೆಯ ಟೈರುಗಳನ್ನು ಮೊಳೆಗೆ ನೇತುಹಾಕಿದ ತಗಡಿನ ಶೆಡ್ಡು ಕಂಡರೆ ಅದೇ. ಕಲಘಟಗಿ ಕಡೆಯ ಹಳ್ಳಿಯವರು. ಹನ್ನೆರಡನೇ ವಯಸ್ಸಿಗೆ ಹುಬ್ಬಳ್ಳಿಯ ಸೈಕಲ್ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕಲು ಸೇರಿ, ಹದಿನೈದು ವರ್ಷ ಅಲ್ಲೇ ಕಳೆದು, ಆಮೇಲೆ ಇಲ್ಲಿಗೆ ಬಂದರು. ಬಂದು ಮೂವತ್ತೊಂದು ವರ್ಷವಾಯಿತು. ಆಗ ಕಾಡಿನಲ್ಲಿ ಮರ ಕಡಿಯುವ ಕೂಪಿನ ಕೆಲಸದವರು, ಗದ್ದೆಗೆ ಹೋಗುವವರು, ಮಾಸ್ತರರು ಎಲ್ಲರೂ ಸೈಕಲ್ ಹೊಡೆಯುತ್ತಿದ್ದರಂತೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಮೂರ್ನಾಲ್ಕು ಸೈಕಲ್ ಗೋಡೆಗೆ ಒರಗಿರುತ್ತಿದ್ದವಂತೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಊರು ಸಿದ್ದಾಪುರ, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಸರ್ಕಾರ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದಾಗ ಅವನ್ನು ಬಿಗಿ ಮಾಡಿಸುವ ಜವಾಬ್ದಾರಿ ನನ್ನದಾಗಿತ್ತು. ಹಾಗೆ ಪರಿಚಯ. ಅವರು ನನ್ನನ್ನು ಅಕ್ಕೋರ ಎನ್ನುತ್ತಾರೆ, ಅವರ ಕಡೆ ಹೆಣ್ಣು ಮಾಸ್ತರರನ್ನು ಕರೆಯುವುದು ಹಾಗೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಆದರೂ.

ಯಾವ ಸೈಕಲ್ ಬಂದರೂ ಅವರು ಮೊದಲು ಮಾಡುವುದು ಒಂದೇ ಕೆಲಸ. ಎರಡೂ ಪೆಡಲ್ ಹಿಡಿದು ಅಡ್ಡಡ್ಡ ಅಲುಗಿಸಿ ನೋಡುವುದು. ಚಕ್ರ ಹಿಡಿದೂ ಹಾಗೆಯೇ. "ಆಟ ಎಲ್ಲೈತಿ ಅಂತ ಕೈಗೆ ಗೊತ್ತಾಗ್ಬೇಕು," ಎನ್ನುತ್ತಾರೆ. ಬಿಗಿಯಾಗಿರಬೇಕಾದ್ದು ಅಲುಗಾಡಿದರೆ ಅದು ಆಟ.

ಎರಡು ವರ್ಷದ ಹಿಂದೆ ಮಮತಾ ಶಿವಪುತ್ರಪ್ಪನವರ ಅಂಗಡಿಗೆ ಎಲೆಕ್ಟ್ರಿಕ್ ಸೈಕಲ್ ತಂದಳು. ಮಮತಾ ನಮ್ಮ ಊರಿನ ಟಪಾಲಿನವಳು. ಮೂವತ್ತೆಂಟು ವಯಸ್ಸು, ಮಂಡಿ ನೋವು. ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ಸುತ್ತುತ್ತಾಳೆ: ಹಳ್ಳದ ಆಚೆಯ ಎರಡು ಕೇರಿ, ಕಾಡಂಚಿನ ಮನೆಗಳು, ಮುದುಕರ ಪಿಂಚಣಿ, ಬ್ಯಾಂಕಿನ ಕಾಗದ. ಸೈಕಲ್ ಬಿಡಬೇಡಿ, ಆದರೆ ಏರಿನಲ್ಲಿ ತುಳಿಯಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಹುಬ್ಬಳ್ಳಿಗೆ ಹೋಗಿ ಇದನ್ನು ಕೊಂಡಿದ್ದಳು. ಪೆಡಲನ್ನು ಸುಮ್ಮನೆ ತಿರುಗಿಸಿದರೆ ಸಾಕು, ನಾವು ತುಳಿಯುತ್ತಿದ್ದೇವೆ ಎಂದು ಗೊತ್ತು ಮಾಡಿಕೊಂಡು ಹಿಂದಿನ ಚಕ್ರದ ಮೋಟಾರು ತಾನೂ ಎಳೆಯುತ್ತದೆ. ಒಂದು ವರ್ಷ ಚೆನ್ನಾಗಿಯೇ ನಡೆದಿತ್ತು.

"ಚಡಾವು ಬಂತು ಅಂದ್ರೆ ಮೋಟಾರು ನಿಂತೇ ಹೋಗ್ತದೆ ಅಣ್ಣಾ," ಎಂದಳು ಮಮತಾ. "ಸಪಾಟಿನಲ್ಲಿ ಎಂತಾ ತೊಂದ್ರೆ ಇಲ್ಲ. ಎಲ್ಲಿ ಬೇಕೋ ಅಲ್ಲೇ ಕೈ ಕೊಡ್ತದೆ. ಈ ಭಾರದ್ದು ತುಳಿಯೂದಕ್ಕಿಂತ ಹಳೇ ಸೈಕಲ್ಲೇ ಅಡ್ಡಿರಲಿಲ್ಲ."

ಕೊಂಡ ಅಂಗಡಿಗೆ ಫೋನ್ ಮಾಡಿದರೆ ಹದಿನೈದು ದಿನ ಬಿಟ್ಟು ಹೋಗಿ ಎಂದಿದ್ದರು. ಹದಿನೈದು ದಿನ ಟಪಾಲು ಒಯ್ಯುವುದು ಹೇಗೆ?

"ಇದ್ರಾಗ ಕರೆಂಟ್ ಐತಿ ತಂಗಿ. ನಾ ಕಲ್ತಿದ್ದಲ್ಲ ಇದು," ಎಂದರು ಶಿವಪುತ್ರಪ್ಪನವರು.

"ಬೇರೆ ಯಾರಿದ್ದಾರೆ ಅಣ್ಣಾ ಇಲ್ಲಿ?"

ಆ ಮಾತಿಗೆ ಅವರು ಒಪ್ಪಿಕೊಂಡರು. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದರು. "ಅಕ್ಕೋರ, ಕರೆಂಟ್ ನೋಡೋ ಮೀಟರ್ ನಿಮ್ಮ ಲ್ಯಾಬಿನಾಗ ಇರತೈತಲ್ರಿ?"

ಮೀಟರ್ ತೆಗೆದುಕೊಂಡು ನಾನೂ ಹೋದೆ. ಎಲೆಕ್ಟ್ರಿಕ್ ಸೈಕಲ್ಲನ್ನು ನಾನೂ ಹತ್ತಿರದಿಂದ ನೋಡಿದ್ದು ಅವತ್ತೇ. ಪೆಡಲಿನ ಎಕ್ಸಲ್ಲಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಕೂಡಿಸಿದ್ದರು, ಅದರ ಸುತ್ತ ಹನ್ನೆರಡು ಪುಟ್ಟ ಅಯಸ್ಕಾಂತ. ಬಿಲ್ಲೆಗೆ ಎದುರಾಗಿ, ಸೈಕಲ್ಲಿನ ಚೌಕಟ್ಟಿಗೆ ಅಂಟಿಕೊಂಡಂತೆ ಸೆನ್ಸರು. ಅದರಿಂದ ಮೂರು ತಂತಿ. ನಾನು ಓದಿಕೊಂಡಿದ್ದನ್ನು ಹೇಳಿದೆ: "ಪೆಡಲ್ ತಿರುಗಿದರೆ ಬಿಲ್ಲೆ ತಿರುಗುತ್ತದೆ. ಒಂದೊಂದು ಅಯಸ್ಕಾಂತ ಎದುರಿಗೆ ಬಂದಾಗಲೂ ಸೆನ್ಸರು ಒಂದು ಸುದ್ದಿ ಕಳಿಸುತ್ತದೆ. ಸುದ್ದಿ ನಿಂತರೆ ಮೋಟಾರೂ ನಿಲ್ಲುತ್ತದೆ."

ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಕೆಂಪು ಮತ್ತು ಕಪ್ಪು ತಂತಿಗೆ ಮೀಟರ್ ಹಿಡಿದರೆ ಐದು ವೋಲ್ಟು. ಮೂರನೆಯ ತಂತಿಗೆ ಹಿಡಿದು ಪೆಡಲ್ ತಿರುಗಿಸಿದರೆ ಮೀಟರಿನ ಮುಳ್ಳು ಒಂದೇ ಸಮ ನಡುಗಿತು. ಸುದ್ದಿ ಹೋಗುತ್ತಿದೆ. ಬ್ಯಾಟರಿಯೂ ಸರಿಯಾಗಿತ್ತು.

"ಹಂಗಂದ್ರ ಸೆನ್ಸರ್ ಚಲೋ ಐತಿ," ಎಂದರು ಅವರು. ನಾನೂ ಹೌದು ಎಂದೆ.

ಮತ್ತೆ ಅವರ ಕಣ್ಣು ಬ್ರೇಕಿನ ಮೇಲೆ ಬಿತ್ತು. ಬ್ರೇಕ್ ಹಿಡಿದ ತಕ್ಷಣ ಮೋಟಾರನ್ನು ನಿಲ್ಲಿಸಲು ಎರಡೂ ಹಿಡಿಕೆಯೊಳಗೆ ಒಂದೊಂದು ಸಣ್ಣ ಸ್ವಿಚ್ಚಿದೆ. ಪೆಡಲ್ ಬಿಟ್ಟ ಮೇಲೂ ಮೋಟಾರು ಒಂದು ಕ್ಷಣ ಎಳೆಯುತ್ತದೆ, ಅದಕ್ಕೇ ಆ ಸ್ವಿಚ್ಚು. ಅದೇ ಸಿಕ್ಕಿಹಾಕಿಕೊಂಡು ಸುಮ್ಮಸುಮ್ಮನೆ ಮೋಟಾರು ನಿಲ್ಲಿಸುತ್ತಿರಬಹುದು ಎಂಬುದು ಅವರ ಲೆಕ್ಕ. ಎರಡೂ ಸ್ವಿಚ್ಚಿನ ಜೋಡಣೆ ಬಿಚ್ಚಿ ನೋಡುತ್ತೇನೆ ಎಂದರು. ನನಗೆ ಅವತ್ತು ಯಲ್ಲಾಪುರಕ್ಕೆ ಹೋಗುವುದಿತ್ತು, ಬಸ್ಸಿಗೆ ಹೊತ್ತಾಗಿತ್ತು, ಹೊರಟೆ.

ಮರುದಿನ ಬೆಳಿಗ್ಗೆ ಅವರು ಜೋಡಣೆ ಬಿಚ್ಚಿದ ಸೈಕಲ್ಲನ್ನು ಹೆದ್ದಾರಿ ಬದಿಯಲ್ಲಿ ಅತ್ತಿತ್ತ ಓಡಿಸಿ ನೋಡಿದರು. ಎಲ್ಲೂ ನಿಲ್ಲಲಿಲ್ಲ. ಸಪಾಟು ದಾರಿಯಲ್ಲಿ ಅದು ಮೊದಲೂ ನಿಲ್ಲುತ್ತಿರಲಿಲ್ಲ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಬ್ರೇಕ್ ಹಿಡಿಕೆ ಬಿಚ್ಚಿ, ಸ್ವಿಚ್ಚಿನ ಧೂಳು ಒರೆಸಿ, ಎಣ್ಣೆ ಬಿಟ್ಟು ಕೂಡಿಸುತ್ತಿದ್ದಾಗ ಲಾರಿಯೊಂದು ಅಂಗಡಿ ಮುಂದೆಯೇ ನಿಂತು, ಅದರ ಡ್ರೈವರ್ ದೊಡ್ಡ ಸ್ಪ್ಯಾನರ್ ಕೇಳಿದ. ಅದನ್ನು ಹುಡುಕಿ ಕೊಟ್ಟು ಬರುವಷ್ಟರಲ್ಲಿ ಮಮತಾ ಟಪಾಲು ಚೀಲ ಹೆಗಲಿಗೇರಿಸಿ ಬಂದು ನಿಂತಿದ್ದಳು. ಅವರು ತಂತಿಗಳನ್ನೆಲ್ಲ ಒಟ್ಟು ಸೇರಿಸಿ ಟೇಪು ಸುತ್ತಿ ಕೊಟ್ಟರು.

ಹನ್ನೊಂದು ಗಂಟೆಗೆ ಮಮತಾ ಬಿದ್ದಳು.

ಹಳ್ಳದ ಆಚೆಯ ಏರು ಹತ್ತಿ, ಕೇರಿಯ ಕಡೆ ಇಳಿಯುವ ತಿರುವಿನಲ್ಲಿ ಹಗುರ ತುಳಿಯುತ್ತ ಹೋಗುವಾಗ ಒಂದು ಕರು ಅಡ್ಡ ಬಂತು. ಬ್ರೇಕ್ ಹಿಡಿದಳು. ಬ್ರೇಕು ಚಕ್ರವನ್ನು ಹಿಡಿಯಿತು, ಮೋಟಾರು ಮಾತ್ರ ನಿಲ್ಲದೆ ಎಳೆಯಿತು. ಒಂದು ಕ್ಷಣ ಅಷ್ಟೇ, ಆದರೆ ಕೆಳಗೆ ಜಲ್ಲಿ ಇತ್ತು. ಕರುವಿಗೆ ಏನೂ ಆಗಲಿಲ್ಲ. ಇವಳ ಎಡಗೈ ಮಣಿಕಟ್ಟಿನ ಎಲುಬು ಬಿರಿಯಿತು. ಕೇರಿಯ ಹೆಂಗಸರು ಕಾಗದಗಳನ್ನು ಆರಿಸಿ ಚೀಲಕ್ಕೆ ತುಂಬಿ, ಯಾರದೋ ಬೈಕಿನಲ್ಲಿ ಅವಳನ್ನು ಯಲ್ಲಾಪುರದ ಆಸ್ಪತ್ರೆಗೆ ಕಳಿಸಿದರು. ಆರು ವಾರ ಪ್ಲಾಸ್ಟರ್.

ಊರಿನಲ್ಲಿ ಎಲ್ಲರೂ ಸೈಕಲ್ಲನ್ನೇ ಬೈದರು. ಕರೆಂಟಿನ ಸೈಕಲ್ಲು, ಹಾಗೇ ಆಗುವುದು ಎಂದರು. ಮಮತಾಳ ಗಂಡ ರಾಘು ಎರಡು ದಿನದ ಮೇಲೆ ಅದನ್ನು ನೂಕಿಕೊಂಡು ಬಂದು ಅಂಗಡಿ ಮುಂದೆ ನಿಲ್ಲಿಸಿದ. "ಬಗ್ಗಿದ್ದು ನೆಟ್ಟಗೆ ಮಾಡಿಡಿ. ಯಾರಾದ್ರೂ ತಗೊಂಡ್ರೆ ಕೊಟ್ಟುಬಿಡೂದು," ಎಂದು ಹೇಳಿ ಹೋದ. ಅವಳ ಬದಲಿಗೆ ಈಗ ಅವನೇ ಟಪಾಲು ಒಯ್ಯುತ್ತಿದ್ದ, ಮಾತಾಡಲು ಪುರುಸೊತ್ತಿರಲಿಲ್ಲ.

ಶಿವಪುತ್ರಪ್ಪನವರು ಹ್ಯಾಂಡಲ್ ನೆಟ್ಟಗೆ ಮಾಡಲೆಂದು ಟೇಪು ಬಿಚ್ಚಿದರು. ಒಳಗೆ ಬ್ರೇಕ್ ಸ್ವಿಚ್ಚಿನ ಎರಡೂ ಜೋಡಣೆ ಬಿಡಿಬಿಡಿಯಾಗಿ ನೇತಾಡುತ್ತಿದ್ದವು. ಅವರೇ ಬಿಚ್ಚಿದ್ದು. ಮತ್ತೆ ಸಿಕ್ಕಿಸಿಯೇ ಇರಲಿಲ್ಲ.

ಇದನ್ನು ಅವರು ನನಗೆ ಆಮೇಲೆ ಹೇಳಿದರು. "ಅಲ್ಲೇ ನೆಲದ ಮ್ಯಾಗ ಕುಂತೆ. ಯಾರೂ ನೋಡಿದ್ದಿಲ್ಲ. ಸಿಕ್ಕಿಸಿಬಿಟ್ರ ಮುಗೀತಿತ್ತು, ಎರಡು ಚಿಟಿಕಿ ಕೆಲಸ. ಆ ವಿಚಾರನೂ ಬಂತು, ಬರಲಿಲ್ಲ ಅನ್ನೂದಿಲ್ಲ."

ಅವರು ಸಿಕ್ಕಿಸಲಿಲ್ಲ. ಹಾಗೆಯೇ ಬಿಟ್ಟು, ಶೆಡ್ಡಿಗೆ ಬೀಗ ಹಾಕಿ ಮಮತಾಳ ಮನೆಗೆ ನಡೆದರು.

ಮಮತಾ ಜಗಲಿಯ ಮೇಲಿದ್ದಳು. ರಾಘು ಆಗಷ್ಟೇ ಟಪಾಲು ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಕೂತುಕೊಳ್ಳಿ ಎಂದರೂ ಇವರು ಕೂರಲಿಲ್ಲ.

"ತಂಗಿ, ಸೈಕಲ್ಲಿಂದು ತಪ್ಪಿಲ್ಲ. ನಂದು ತಪ್ಪು. ಬ್ರೇಕ್ ಹಿಡಿದ್ರ ಮೋಟಾರ್ ನಿಲ್ಲಿಸೋ ತಂತಿ ಬಿಚ್ಚಿದ್ದೆ. ಹಚ್ಚೂದು ಮರತು ನಿನ್ನ ಕೈಗೆ ಕೊಟ್ಟೆ. ಅದಕ್ಕ ನೀ ಬಿದ್ದಿ."

ರಾಘು ಚೊಂಬು ಕೆಳಗಿಟ್ಟ. "ನಿಮಗೆ ಬರೂದಿಲ್ಲ ಅಂದ್ಮೇಲೆ ಮುಟ್ಟಿದ್ದು ಎಂತಕ್ಕೆ? ಕೈ ಮುರಿದದ್ದು ಆಯ್ತು. ಅಲ್ಲಿ ಒಂದು ಲಾರಿ ಬಂದಿದ್ರೆ?"

"ಖರೇ ಐತಿ," ಎಂದರು ಶಿವಪುತ್ರಪ್ಪನವರು.

ಮಮತಾ ಕೇಳಿದಳು: "ನೀವು ಹೇಳದೇ ಇದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಅಲ್ದಾ ಅಣ್ಣಾ?"

"ಗೊತ್ತಾಗ್ತಿದ್ದಿಲ್ಲ. ಆದ್ರ ನೀವು ಸೈಕಲ್ ಕೆಟ್ಟದ್ದು ಅಂತ ತಿಳ್ಕೊಂಡು ಮಾರ್ತಿದ್ರಿ."

"ನಂಗೆ ಸಿಟ್ಟು ಬಂದದೆ. ಸುಳ್ಳು ಹೇಳೂದಿಲ್ಲ. ಇವತ್ತು ನೀವು ಹೋಗಿ ಅಣ್ಣಾ."

ಹೋದರು. ಮೂರು ದಿನ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ; ಪಂಕ್ಚರ್ ತಂದವರನ್ನೂ ಹಿಂದೆ ಕಳಿಸಿದರಂತೆ. ನಾಲ್ಕನೆಯ ದಿನ ಮಮತಾಳೇ ಫೋನ್ ಮಾಡಿದಳು. ಕೂತು ಕೂತು ಯೋಚನೆ ಮಾಡಿದ್ದಳು ಎಂದು ಕಾಣುತ್ತದೆ.

"ಅಣ್ಣಾ, ಆ ತಂತಿ ಬಿಚ್ಚಿತ್ತು ಅಂದ್ರಿ. ಆದ್ರೆ ಅವತ್ತೂ ಹಳ್ಳದ ಚಡಾವಲ್ಲಿ ಮೋಟಾರು ನಿಂತಿತ್ತು. ಅಂದ್ರೆ ಬ್ರೇಕಿಂದು ಅಲ್ಲ ಅಲ್ದಾ?"

ಅವಳ ಮಾತು ಸರಿಯಿತ್ತು. ಸ್ವಿಚ್ಚು ಬಿಚ್ಚಿದ್ದಾಗಲೂ ನಿಂತಿದೆ ಎಂದರೆ ಸ್ವಿಚ್ಚಿನ ದೋಷವಲ್ಲ. ನಾವಿಬ್ಬರೂ ತಪ್ಪು ಕಡೆ ಹುಡುಕಿದ್ದೆವು.

"ಹುಡುಕ್ಲ್ಯಾ ತಂಗಿ? ನೀ ಹೂಂ ಅಂದ್ರ ಅಷ್ಟ."

"ಹುಡುಕಿ. ಮಾರಿದ್ರೂ ದೋಷ ಇದ್ದದ್ದು ಮಾರಬಾರದು. ಆದ್ರೆ ನಾ ಹತ್ತತೇನೆ ಅಂತ ಹೇಳೂದಿಲ್ಲ."

ಶಿವಪುತ್ರಪ್ಪನವರು ಅವತ್ತೇ ಒಂದು ಕಟ್ಟುಪಾಡು ಮಾಡಿಕೊಂಡರು. ಯಾವ ಜೋಡಣೆ ಬಿಚ್ಚಿದರೂ ಹ್ಯಾಂಡಲಿಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟುವುದು. ಎರಡು ಬಿಚ್ಚಿದರೆ ಎರಡು ಚೂರು. ಚೂರು ಇರುವ ಸೈಕಲ್ ಅಂಗಡಿಯಿಂದ ಹೊರಗೆ ಹೋಗಕೂಡದು. ಬ್ರೇಕ್ ಸ್ವಿಚ್ಚಿನ ಎರಡೂ ಜೋಡಣೆ ಸಿಕ್ಕಿಸಿದ ಮೇಲೆ ನನ್ನನ್ನು ಕರೆಸಿ ತೋರಿಸಿದರು. ಹಿಂದಿನ ಚಕ್ರ ಎತ್ತಿ, ಕೈಯಲ್ಲಿ ಪೆಡಲ್ ತಿರುಗಿಸಿ, ಬ್ರೇಕ್ ಒತ್ತಿದರೆ ಮೋಟಾರು ಗಪ್ಪನೆ ನಿಲ್ಲುತ್ತಿತ್ತು.

ಮೀಟರಿನಲ್ಲಿ ಸರಿಯಿದ್ದರೂ ಸೆನ್ಸರೇ ಆಗಾಗ ಕೈ ಕೊಡುತ್ತಿರಬಹುದು ಎಂದು ಹುಬ್ಬಳ್ಳಿಗೆ ಹೋಗಿ ಹೊಸದು ತಂದರು. ಹಾಕಿದರು. ಸ್ಟ್ಯಾಂಡಿನ ಮೇಲೆ ಚಂದ ಓಡಿತು. ಹಳ್ಳದ ಏರಿಗೆ ಒಯ್ದರೆ ಅರ್ಧದಲ್ಲಿ ನಿಂತಿತು. ಮೋಟಾರಿಗೆ ಕರೆಂಟು ಹಂಚುವ ಪೆಟ್ಟಿಗೆ ಬಿಸಿಯಾಗಿ ನಿಲ್ಲುತ್ತಿರಬಹುದು ಎಂದು ನಾನು ಹೇಳಿದೆ. ಅವರು ಅದನ್ನು ಗಾಳಿ ಆಡುವ ಹಾಗೆ ಮೇಲೆತ್ತಿ ಕಟ್ಟಿದರು. ಮತ್ತೆ ನಿಂತಿತು. ಪೆಟ್ಟಿಗೆ ಮುಟ್ಟಿ ನೋಡಿದರೆ ತಣ್ಣಗೇ ಇತ್ತು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಒಂದು ಭಾನುವಾರ ಬೆಳಿಗ್ಗೆ ಅವರು ನನ್ನ ಮುಳ್ಳಿನ ಮೀಟರನ್ನು ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದು, ಸೆನ್ಸರಿನ ತಂತಿಗೆ ಉದ್ದನೆಯ ತಂತಿ ಸೇರಿಸಿ ಮೇಲಕ್ಕೆ ತಂದಿದ್ದರು. "ನಿಂತಲ್ಲಿ ನೋಡೂದ್ರಿಂದ ಉಪಯೋಗ ಇಲ್ಲ ಅಕ್ಕೋರ. ಅದು ಎಲ್ಲಿ ಕೆಡತೈತೋ ಅಲ್ಲೇ ನೋಡ್ಬೇಕು." ನಾನು ಏರಿನ ನಡುವೆ ನಿಂತೆ. ಅವರು ಕೆಳಗಿನಿಂದ ಹೊರಟರು. ಐವತ್ತಾರು ವರ್ಷದವರು, ದಪ್ಪ ಮೈ, ತಲೆ ಬಗ್ಗಿಸಿ ಮೀಟರನ್ನೇ ನೋಡುತ್ತ ಬರುತ್ತಿದ್ದರು. ನನ್ನ ಹತ್ತಿರ ಬರುವಾಗ ಮೋಟಾರಿನ ಸದ್ದು ನಿಂತಿತು. ಅವರು ಇಳಿಯಲಿಲ್ಲ, ಸೀಟಿನಿಂದ ಎದ್ದು ನಿಂತು ಇನ್ನೆರಡು ಸುತ್ತು ತುಳಿದರು.

"ಮುಳ್ಳು ಸತ್ತೈತಿ!" ಎಂದು ಕೂಗಿದರು. "ನಾ ತುಳಿಯಾಕತ್ತೀನಿ, ಮುಳ್ಳು ಅಲುಗಾಡವಲ್ದು!"

ಅಂದರೆ ಸೆನ್ಸರು ಹೊಸದಿದ್ದರೂ ಸುದ್ದಿ ಹೋಗುತ್ತಿರಲಿಲ್ಲ. ಅದೂ ಭಾರ ಹಾಕಿ ತುಳಿದಾಗ ಮಾತ್ರ.

ಅವರು ಸೈಕಲ್ಲನ್ನು ದಾರಿಬದಿಗೆ ತಂದು ನಿಲ್ಲಿಸಿದರು. ಒಂದು ಗಳಿಗೆ ನೋಡುತ್ತ ನಿಂತವರು, ಬಗ್ಗಿ ಎರಡೂ ಪೆಡಲ್ ಹಿಡಿದು ಅಡ್ಡಡ್ಡ ಅಲುಗಿಸಿದರು. ಟಕ್ ಎಂದಿತು. ಮತ್ತೆ ಅಲುಗಿಸಿದರು. ಟಕ್. ಒಳಗಿನ ಎಕ್ಸಲ್ಲು ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಆಚೀಚೆ ಹೋಗುತ್ತಿತ್ತು. ಎಕ್ಸಲ್ ಕೂರುವ ಲೋಹದ ಬಟ್ಟಲು ಸವೆದು, ಅದರೊಳಗಿನ ಗುಂಡುಗಳು ಸಡಿಲಾಗಿದ್ದವು. ಸಪಾಟಿನಲ್ಲಿ ಹಗುರ ತುಳಿದಾಗ ಬಿಲ್ಲೆ ತನ್ನ ಜಾಗದಲ್ಲೇ ತಿರುಗುತ್ತಿತ್ತು. ಏರಿನಲ್ಲಿ ಮೈಭಾರ ಬಿದ್ದಾಗ ಎಕ್ಸಲ್ಲು ಸರಿದು, ಅಯಸ್ಕಾಂತಗಳು ಸೆನ್ಸರಿನಿಂದ ದೂರವಾಗುತ್ತಿದ್ದವು. ತುಳಿಯುವುದನ್ನೇ ನಿಲ್ಲಿಸಿದ್ದಾರೆ ಎಂದು ಮೋಟಾರು ತಿಳಿಯುತ್ತಿತ್ತು.

ನನಗೆ ಖುಷಿಯಾಯಿತು. ಅವರ ಮುಖದಲ್ಲಿ ಖುಷಿ ಇರಲಿಲ್ಲ.

"ಇದನ್ನ ಮೊದಲನೇ ದಿನಾನ ನೋಡಬೇಕಿತ್ತು ಅಕ್ಕೋರ. ಯಾವ ಸೈಕಲ್ ಬಂದ್ರೂ ಮೊದಲು ಇದನ್ನ ಅಲ್ಲಾ ನಾ ನೋಡೂದು? ಕರೆಂಟ್ ಅಂತ ಅಂಜಿ, ಇದು ಸೈಕಲ್ ಅನ್ನೂದ ಮರತೆ. ಅವತ್ತ ಒಮ್ಮೆ ಅಲುಗಿಸಿ ನೋಡಿದ್ರ ಬ್ರೇಕ್ ತಂತಿ ಮುಟ್ಟತಿದ್ದಿಲ್ಲ. ಆ ಹುಡುಗಿ ಬೀಳತಿದ್ದಿಲ್ಲ."

ಮೀಟರ್ ಹಿಡಿದವಳು ನಾನೂ ಅಲ್ಲಿದ್ದೆ ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ, ಸೈಕಲ್ಲನ್ನು ನೂಕಿಕೊಂಡೇ ಹೊರಟರು.

ರಿಪೇರಿ ಕೂಡ ಸಲೀಸಾಗಿ ಆಗಲಿಲ್ಲ. ಸವೆದ ಆ ಬಟ್ಟಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು ಎರಡು ದಿನ ಕಾದು ಬಿಚ್ಚಬೇಕಾಯಿತು. ಹೊಸ ಬಟ್ಟಲಿನ ಜೊತೆ ಹುಬ್ಬಳ್ಳಿಯಿಂದ ತಂದ ಮೊದಲ ಎಕ್ಸಲ್ಲು ಉದ್ದ ಸಾಲದೆ ಬಿಲ್ಲೆ ಸೆನ್ಸರಿಗೆ ತಾಗುತ್ತಿತ್ತು. ಎರಡನೆಯ ಸಲ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಳತೆ ನೋಡಿ ತಂದರು. ಬಿಲ್ಲೆಗೂ ಸೆನ್ಸರಿಗೂ ನಡುವೆ ಎಷ್ಟು ಸಂದು ಇರಬೇಕು ಎಂದು ನನ್ನ ಕೇಳಿದರು. ಎರಡು ಮಿಲಿಮೀಟರ್ ಸುಮಾರು ಎಂದೆ. ಒಂದು ರಟ್ಟಿನ ಚೂರನ್ನು ಮಡಿಸಿ, ಅಳೆದು, ಅದು ಹಗುರವಾಗಿ ಹೊಕ್ಕು ಬರುವಂತೆ ವಾಷರ್ ಹಾಕಿ ಕೂಡಿಸಿದರು. ಹಳ್ಳದ ಏರನ್ನು ಅವತ್ತು ಹನ್ನೊಂದು ಸಲ ಹತ್ತಿದರು. ನಿಲ್ಲಲಿಲ್ಲ. ಮರುದಿನ ಹೆಗಲಿಗೆ ಇಪ್ಪತ್ತು ಕಿಲೋ ಅಕ್ಕಿ ಚೀಲ ಹಾಕಿಕೊಂಡು ಹತ್ತಿದರು. ಆಗಲೂ ನಿಲ್ಲಲಿಲ್ಲ.

ಮಮತಾಳ ಪ್ಲಾಸ್ಟರ್ ತೆಗೆದ ಮೇಲೆ ಸೈಕಲ್ ತಯಾರಿದೆ ಎಂದು ಹೇಳಿ ಕಳಿಸಿದರು. ಅವಳು ಬರಲಿಲ್ಲ. ಒಂದು ವಾರ ಬಸ್ಸಿನಲ್ಲೂ ನಡೆದೂ ಟಪಾಲು ಒಯ್ದಳು. ಮಂಡಿ ಊದಿಕೊಂಡಿತು. ಆಮೇಲೆ ಒಂದು ಭಾನುವಾರ ಶಾಲೆಯ ಮೈದಾನಕ್ಕೆ ತನ್ನಿ, ಅಲ್ಲಿ ನೋಡುತ್ತೇನೆ ಎಂದಳು. ಮೈದಾನದ ಬೀಗದ ಕೈ ನನ್ನ ಹತ್ತಿರವಿತ್ತು.

ಅವಳು ಮೊದಲು ಸೈಕಲ್ಲಿನ ಮೇಲೆ ಕೂರಲಿಲ್ಲ. "ತೋರಿಸಿ ಅಣ್ಣಾ," ಎಂದಳು. ಅವರು ಹಿಂದಿನ ಚಕ್ರ ಎತ್ತಿ ಹಿಡಿದರು. ಅವಳೇ ಕೈಯಲ್ಲಿ ಪೆಡಲ್ ತಿರುಗಿಸಿದಳು, ಮೋಟಾರು ಎದ್ದಿತು, ಬ್ರೇಕ್ ಒತ್ತಿದಳು, ನಿಂತಿತು. ಬಲಗೈ ಹಿಡಿಕೆ, ಎಡಗೈ ಹಿಡಿಕೆ, ಮತ್ತೆ ಬಲಗೈ. ಎಂಟ್ಹತ್ತು ಸಲ ಮಾಡಿದಳು. ಎಡಗೈ ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಹಿಡಿಕೆ ಒತ್ತಲು ಕಷ್ಟವಾಗುತ್ತಿತ್ತು. ಶಿವಪುತ್ರಪ್ಪನವರು ಅದನ್ನು ನೋಡಿ, ಸ್ಪ್ಯಾನರ್ ತೆಗೆದು, ಎಡಗಡೆಯ ಹಿಡಿಕೆಯನ್ನು ಸ್ವಲ್ಪ ಒಳಗೆ ಸರಿಸಿ ಕೆಳಕ್ಕೆ ಬಗ್ಗಿಸಿದರು.

"ಈಗ ನೋಡು."

ಒತ್ತಿದಳು. ಸಿಕ್ಕಿತು.

ಮೈದಾನದಲ್ಲಿ ನಾಲ್ಕು ಸುತ್ತು ಹಾಕಿದಳು. ಕರು ಬಂದ ಹಾಗೆ ನಾನು ಅಡ್ಡ ಬರಲೇ ಎಂದು ಕೇಳಿದ್ದಕ್ಕೆ, "ಬೇಡ ಮಾರಾಯ್ತಿ, ನಿಮ್ಮ ಕೈಯೂ ಮುರಿದ್ರೆ ಮಕ್ಕಳಿಗೆ ಪಾಠ ಮಾಡೂದು ಯಾರು?" ಎಂದು ನಕ್ಕಳು. ಬಿದ್ದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೋಮವಾರದಿಂದ ಸೈಕಲ್ಲಿನಲ್ಲೇ ಹೊರಟಳು. ಇವತ್ತಿಗೂ ಅದರಲ್ಲೇ ಹೋಗುತ್ತಾಳೆ. ಚಳಿಗಾಲದಲ್ಲಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ ಎನ್ನುತ್ತಾಳೆ.

ರಾಘು ಮಾತ್ರ ಶಿವಪುತ್ರಪ್ಪನವರ ಅಂಗಡಿಗೆ ಈಗಲೂ ಬರುವುದಿಲ್ಲ. ಎದುರು ಸಿಕ್ಕರೆ ತಲೆ ಅಲ್ಲಾಡಿಸುತ್ತಾನೆ, ಅಷ್ಟೇ. ಇವರು ಅದನ್ನು ತಪ್ಪು ಎನ್ನುವುದಿಲ್ಲ. "ಅವನ ಹೆಂಡತಿ ಕೈ ಅದು," ಎಂದು ಒಮ್ಮೆ ಹೇಳಿದರು.

ಸುದ್ದಿ ಹೇಗೋ ಹಬ್ಬಿ ಎಲೆಕ್ಟ್ರಿಕ್ ಸೈಕಲ್ ಇಟ್ಟುಕೊಂಡ ಸುತ್ತಲಿನವರು ಈಗ ಇವರನ್ನೇ ಹುಡುಕಿಕೊಂಡು ಬರುತ್ತಾರೆ. ಬ್ಯಾಟರಿಯ ಒಳಗೆ ಕೈ ಹಾಕುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಾರೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಹೋಗುತ್ತೇನೆ. ತಂತಿಗಳ ನಕ್ಷೆಯನ್ನು ಇಬ್ಬರೂ ಕೂತು ಓದುತ್ತೇವೆ. ಇಂಗ್ಲಿಷ್ ಅಕ್ಷರ ಅವರಿಗೆ ಬರುವುದಿಲ್ಲವಾದ್ದರಿಂದ ಬಣ್ಣದ ಪೆನ್ಸಿಲ್ಲಿನಲ್ಲಿ ತಮ್ಮದೇ ಒಂದು ನಕ್ಷೆ ಬರೆದುಕೊಂಡಿದ್ದಾರೆ. ಕಳೆದ ವಾರ ಅರಬೈಲಿನ ಒಬ್ಬರು ತಂದ ಸೈಕಲ್ ಒಂದಿದೆ. ಅದರ ಮೋಟಾರು ಇಳಿಜಾರಿನಲ್ಲಿ ತಾನಾಗಿ ಏಳುತ್ತದೆ. ಪೆಡಲ್ ಅಲುಗಿಸಿ ನೋಡಿದ್ದಾಯಿತು, ಆಟವಿಲ್ಲ. ಮುಳ್ಳಿನ ಮೀಟರ್ ಕಟ್ಟಿ ಓಡಿಸಿದ್ದಾಯಿತು. ಏನೆಂದು ಇನ್ನೂ ಸಿಕ್ಕಿಲ್ಲ. ಹ್ಯಾಂಡಲಿನಲ್ಲಿ ಸದ್ಯಕ್ಕೆ ಮೂರು ಕೆಂಪು ಚೂರುಗಳಿವೆ.